ಕಿರುಬೆರಳು ಎತ್ತಿದ ಮಗುವಿಗೆ ‘ಯಾಕ?’ ಅನ್ನಬ್ಯಾಡ್ರಿ

ನಮ್ಮ ಕಡೆ ಸಾಲಿ ಕಲಿತವರಿಗೆಲ್ಲ ಬೆರಳಿನ ಭಾಷೆ ಗೊತ್ತು. ಕಿರುಬೆರಳು ಎತ್ತಿದರೆ ಒಂದಕ್ಕೆ, ಎರಡು ಬೆರಳು ಎತ್ತಿದರೆ ಎರಡಕ್ಕೆ. ಬಾಗಲಕೋಟೆ ನವನಗರದ ಸೆಕ್ಟರಿನ ಶಾಲೆಯಿರಲಿ, ಬಾದಾಮಿ ತಾಲ್ಲೂಕಿನ ಹೊಳೆದಂಡೆಯ ಶಾಲೆಯಿರಲಿ, ಬೆರಳು ಅದೇ. ಅದಕ್ಕೆ ಬರುವ ಪ್ರಶ್ನೆಯೂ ಅದೇ: “ಯಾಕ? ಈಗರ ಹೋಗಿ ಬಂದಿಯಲ್ಲ?”

ನಾವು ಈ ಜಿಲ್ಲೆಯಿಂದ ಸುದ್ದಿ ಕಳಿಸುತ್ತ ಹತ್ತು ವರ್ಷದ ಮೇಲಾಯಿತು. ಬನಶಂಕರಿ ಜಾತ್ರೆ, ಇಳಕಲ್ ಮಗ್ಗ, ಮಲಪ್ರಭೆಯ ನೆರೆ, ಎಲ್ಲ ಬರೆದಿದ್ದೇವೆ. ಶಾಲೆಯ ಶೌಚಾಲಯದ ಸುದ್ದಿಯನ್ನೂ ಬೇಕಾದಷ್ಟು ಕಳಿಸಿದ್ದೇವೆ. ಮುರಿದ ಬಾಗಿಲಿನ ಫೋಟೊ ಇದ್ದರೆ ಡೆಸ್ಕಿನವರು ಹಾಕುತ್ತಾರೆ. ಆದರೆ ‘ಯಾಕ?’ ಅನ್ನುವ ಪ್ರಶ್ನೆಯ ಫೋಟೊ ತೆಗೆಯಲು ಆಗುವುದಿಲ್ಲ. ಪತ್ರಿಕೆಯಲ್ಲಿ ಜಾಗ ಸಿಗದ ಆ ಪ್ರಶ್ನೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಕ್ಕನ ಮಗ

ನಮ್ಮ ಅಕ್ಕನ ಮನೆ ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅವಳ ಮಗ ಮೂರನೇ ತರಗತಿಯಲ್ಲಿ ಇದ್ದಾಗ ಕೊಡಗಟ್ಟಲೆ ನೀರು ಕುಡಿಯತೊಡಗಿದ. ಬಿಸಿಲಿನ ದಿನ, ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಶಾಲೆಯಲ್ಲಿ ತಾಸಿಗೊಮ್ಮೆ ಕಿರುಬೆರಳು ಎತ್ತತೊಡಗಿದ. ಗುರುಗಳು ಎರಡು ಸಲ ಬಿಟ್ಟರು. ಮೂರನೇ ಸಲ “ಪಾಠ ತಪ್ಪಿಸಾಕ ನೆವ ಹೇಳ್ತಿ, ಕುಂದ್ರು” ಅಂದರು. ಒಂದು ದಿನ ಕುಂತಲ್ಲೇ ಚೊಣ್ಣ ಒದ್ದೆಯಾಯಿತು. ಹುಡುಗರು ಅಡ್ಡಹೆಸರು ಇಟ್ಟರು. ಮರುದಿನದಿಂದ ಅವನು ನೀರಿನ ಬಾಟಲಿಯನ್ನೇ ಮನೆಯಲ್ಲಿ ಬಿಟ್ಟು ಹೋಗತೊಡಗಿದ.

ಹದಿನೈದು ದಿನದಲ್ಲಿ ಹುಡುಗ ಕಡ್ಡಿಯಾದ. ಒಂದು ಮುಂಜಾನೆ ವಾಂತಿ ಶುರುವಾಯಿತು, ಏದುಸಿರು ಬಂತು, ಕರೆದರೆ ಕಣ್ಣು ಬಿಡಲಿಲ್ಲ. ಬಾಗಲಕೋಟೆಯ ಆಸ್ಪತ್ರೆಗೆ ಒಯ್ದು ರಕ್ತ ನೋಡಿದರೆ ಸಕ್ಕರೆ 500 ದಾಟಿತ್ತು. ಟೈಪ್ 1 ಮಧುಮೇಹ. ಇದು ಸಿಹಿ ತಿಂದು ಬರುವ ರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮೈಯೊಳಗೆ ಇನ್ಸುಲಿನ್ ತಯಾರಾಗುವುದು ನಿಂತುಬಿಡುತ್ತದೆ, ಹೊರಗಿನಿಂದ ದಿನಾ ಚುಚ್ಚಿಕೊಳ್ಳಬೇಕು. ಅತಿಯಾದ ನೀರಡಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇದರ ಮೊದಲ ಲಕ್ಷಣಗಳು. ಅಂದರೆ ಆ ಹುಡುಗನ ಕಿರುಬೆರಳು ಹದಿನೈದು ದಿನದಿಂದ ರೋಗದ ಸುದ್ದಿ ಹೇಳುತ್ತಿತ್ತು. ತರಗತಿಯಲ್ಲಿ ಅದನ್ನು ನೆವ ಅಂತ ತಿಳಿದರು.

ಹುಡುಗ ಉಳಿದ. ಶಾಲೆಗೆ ಮರಳುವ ದಿನ ಅಕ್ಕ ಮುಖ್ಯ ಗುರುಗಳ ಕೋಣೆಗೆ ಹೋಗಿ, ಅವರೊಬ್ಬರಿಗೇ ಎಲ್ಲವನ್ನೂ ಹೇಳಿ ಬಂದಳು. ಅವರು ಒಳ್ಳೆಯ ಮನಸ್ಸಿನಿಂದಲೇ ಪ್ರಾರ್ಥನೆ ಹೊತ್ತಿಗೆ ಎಲ್ಲರ ಮುಂದೆ ನಿಲ್ಲಿಸಿ ಅಂದರು: “ಈ ಹುಡುಗಗ ಸಕ್ಕರೆ ಕಾಯಿಲೆ ಐತಿ. ಯಾವಾಗ ಕೇಳಿದ್ರೂ ಹೊರಗ ಬಿಡಬೇಕು. ಯಾರೂ ಸಿಹಿ ಕೊಡಬ್ಯಾಡ್ರಿ.”

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರು ಮುಟ್ಟಿತು. ನೀರಿನ ಟಾಕಿಯ ಹತ್ತಿರ ಒಬ್ಬಾಕೆ “ಅಂಟ್ತೈತೇನವಾ ಅದು?” ಅಂತ ಅಕ್ಕನನ್ನೇ ಕೇಳಿದಳು. ಮನೆಯ ಹಿರಿಯರಿಗೆ ಹುಡುಗನ ತಂಗಿಯ ಮುಂದಿನ ಲಗ್ನದ ಚಿಂತೆ ಹತ್ತಿತು. ಹುಡುಗ ಮಧ್ಯಾಹ್ನದ ಇಂಜೆಕ್ಷನ್ ಶಾಲೆಯಲ್ಲಿ ತಗೊಳ್ಳುವುದಿಲ್ಲ ಅಂತ ಹಟ ಹಿಡಿದ. ಎಲ್ಲರೂ ನೋಡುತ್ತಾರೆ ಅಂದ.

ಮೊದಲು ಅವನಿಗೆ ಒಂದಕ್ಕೆ ಹೋಗಲು ಬಿಡಲಿಲ್ಲ. ಆಮೇಲೆ ಬಿಟ್ಟರು, ಆದರೆ ಅದಕ್ಕಾಗಿ ಅವನ ರೋಗ ಊರಿಗೆಲ್ಲ ಗೊತ್ತಾಗಬೇಕಾಯಿತು. ಶೌಚಾಲಯಕ್ಕೆ ಹೋಗುವ ಹಕ್ಕು ಮತ್ತು ತನ್ನ ಮೈಯ ವಿಷಯವನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕು ಬೇರೆ ಬೇರೆ ಅಲ್ಲ ಅಂತ ನಮಗೆ ಅರ್ಥವಾಗಿದ್ದು ಅವನಿಂದ. ಕಾರಣ ಹೇಳಿದರೆ ಮಾತ್ರ ಬಾಗಿಲು ತೆಗೆಯುತ್ತೇವೆ ಅಂದರೆ ಎರಡೂ ಹಕ್ಕು ಹೋಗುತ್ತವೆ.

ಬೀಗ ಯಾಕೆ ಬೀಳುತ್ತದೆ?

ಗುರುಗಳನ್ನಷ್ಟೇ ಬೈದರೆ ಕೆಲಸ ಆಗುವುದಿಲ್ಲ. ಅವರ ಕಷ್ಟವನ್ನೂ ನಾವು ಕೇಳಿದ್ದೇವೆ. ಎರಡು ತರಗತಿಗೆ ಒಬ್ಬರೇ ಶಿಕ್ಷಕರು ಇರುವಲ್ಲಿ ಒಬ್ಬನನ್ನು ಬಿಟ್ಟರೆ ಹಿಂದೆ ಹತ್ತು ಮಂದಿ ಬೆರಳು ಎತ್ತುತ್ತಾರೆ. ಹೋದವರಲ್ಲಿ ಇಬ್ಬರು ಅಂಗಡಿಗೆ ಓಡುತ್ತಾರೆ. ರಸ್ತೆಯಲ್ಲಿ ಏನಾದರೂ ಆದರೆ ಕೇಳುವುದು ಗುರುಗಳನ್ನೇ. ರಾತ್ರಿ ಹೊತ್ತು ಕಾಂಪೌಂಡಿನೊಳಗೆ ಕುಡಿಯಲು ಬರುವವರು ಪಾಯಖಾನೆಯ ನಳ ಕಿತ್ತು, ಬಾಟಲಿ ಒಡೆದು ಹೋಗುತ್ತಾರೆ. ಅದಕ್ಕೆ ಬೀಗ. ಬೀಗದ ಕೈ ಮುಖ್ಯ ಗುರುಗಳ ಟೇಬಲ್ಲಿನಲ್ಲಿ. ಅವರು ಮೀಟಿಂಗಿಗೆ ಹೋದ ದಿನ ಬೀಗದ ಕೈಯೂ ಅವರ ಜೇಬಿನಲ್ಲಿ ಹೋಗುತ್ತದೆ.

ಕೆಲವು ಕಡೆ ಮೂರು ಬಾಗಿಲಲ್ಲಿ ಎರಡಕ್ಕೆ ಬೀಗ, ಒಂದರ ಮೇಲೆ ‘ಸಿಬ್ಬಂದಿಗೆ ಮಾತ್ರ’ ಅಂತ ಬರೆದದ್ದನ್ನೂ ನೋಡಿದ್ದೇವೆ. ಹುಡುಗರು ಕಾಂಪೌಂಡ್ ಗೋಡೆಯ ಹಿಂದೆ ಹೋಗುತ್ತಾರೆ. ಹುಡುಗಿಯರು ಸಂಜೆ ಮನೆ ಮುಟ್ಟುವವರೆಗೆ ತಡೆದುಕೊಳ್ಳುತ್ತಾರೆ.

ತಡೆದುಕೊಂಡರೆ ಏನಾಗುತ್ತದೆ? ಮಗುವಿನ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಮಕ್ಕಳ ವೈದ್ಯರಲ್ಲಿ ಒಂದು ಅಂದಾಜು ಲೆಕ್ಕ ಇದೆ. ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಬೇಕು. 8 ವರ್ಷದ ಮಗುವಿಗೆ 300 ಮಿಲಿಲೀಟರ್ ಬರುತ್ತದೆ, ಅಂದರೆ ದೊಡ್ಡ ಲೋಟಕ್ಕಿಂತ ತುಸು ಹೆಚ್ಚು. ಬೆಳಿಗ್ಗೆ 10ಕ್ಕೆ ಬಂದ ಮಗು ಸಂಜೆ 4ರವರೆಗೆ ಇಷ್ಟರಲ್ಲೇ ಹೇಗೆ ಕಳೆಯಬೇಕು? ತಡೆದು ತಡೆದು ಉರಿಮೂತ್ರ, ಸೋಂಕು, ಮಲಬದ್ಧತೆ ಬರುತ್ತವೆ. ಇಲ್ಲವೇ ನೀರು ಕುಡಿಯುವುದನ್ನೇ ಬಿಡುತ್ತಾರೆ. ನಮ್ಮ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ.

2019ರಲ್ಲಿ ಕೇರಳದಲ್ಲಿ ಶುರುವಾದ ‘ನೀರಿನ ಗಂಟೆ’ಯನ್ನು ನಮ್ಮ ರಾಜ್ಯವೂ ಶಾಲೆಗಳಲ್ಲಿ ತರಲು ಹೊರಟಿತು. ಗಂಟೆ ಹೊಡೆದಾಗ ಮಕ್ಕಳೆಲ್ಲ ನೀರು ಕುಡಿಯಬೇಕು. ಒಳ್ಳೆಯ ಯೋಚನೆಯೇ. ಆದರೆ ಕುಡಿದ ನೀರು ಹೋಗಲು ಜಾಗ ಬೇಕಲ್ಲ? ಆ ಬಾಗಿಲಿಗೆ ಬೀಗ ಇದ್ದರೆ ಜಾಣ ಮಗು ಗಂಟೆ ಹೊಡೆದಾಗ ಬಾಟಲಿ ಬಾಯಿಗೆ ಹಿಡಿದು ಕುಡಿದಂತೆ ಮಾಡುತ್ತದೆ, ಅಷ್ಟೇ.

ಕಾನೂನಿನಲ್ಲಿ ಏನಿದೆ?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಇರಬೇಕು ಅಂತ ಬರೆದಿದೆ. ಅದೇ ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಒದ್ದೆಯಾಗುವವರೆಗೆ ಕೂರಿಸುವುದು ಹಿಂಸೆ ಅಲ್ಲದೆ ಇನ್ನೇನು?

2012ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಆರು ತಿಂಗಳಲ್ಲಿ ಎಲ್ಲ ಶಾಲೆಗಳಲ್ಲೂ ಶೌಚಾಲಯ, ಕುಡಿಯುವ ನೀರು ಆಗಬೇಕು ಅಂತ ರಾಜ್ಯಗಳಿಗೆ ಹೇಳಿತು. 2014ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಒಂದು ವರ್ಷದ ಗಡುವು ಘೋಷಣೆಯಾಯಿತು. ಆಗ ಬಂದ ಸ್ವಚ್ಛ ವಿದ್ಯಾಲಯ ಮಾರ್ಗಸೂಚಿಯಲ್ಲಿ 40 ಮಕ್ಕಳಿಗೆ ಒಂದು ಶೌಚಾಲಯ, ಮೂರು ಮೂತ್ರಾಲಯ ಅನ್ನುವ ಲೆಕ್ಕ ಇದೆ. ನಿಮ್ಮೂರ ಶಾಲೆಯ ಮಕ್ಕಳ ಸಂಖ್ಯೆಯನ್ನು 40ರಿಂದ ಭಾಗಿಸಿ ನೋಡಿ. ಎಣಿಸುವಾಗ ಬೀಗ ಹಾಕಿದ್ದನ್ನು ಬಿಟ್ಟು, ನೀರು ಇರುವುದನ್ನು ಮಾತ್ರ ಎಣಿಸಿ.

ಇನ್ನು ಗುಟ್ಟಿನ ಹಕ್ಕು. ಅದನ್ನು ದೇಶಕ್ಕೆ ಗೆದ್ದುಕೊಟ್ಟ ಮೊಕದ್ದಮೆಗೆ ನಮ್ಮ ಕನ್ನಡ ನಾಡಿನ ಹಿರಿಯರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಹಕ್ಕು ದೊಡ್ಡವರಿಗೆ ಮಾತ್ರ ಅಂತ ಯಾರೂ ಬರೆದಿಲ್ಲ. ಭಾರತ 1992ರಲ್ಲೇ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನದ ಬಗ್ಗೆಯೇ ಇದೆ.

“ನಿನ್ನ ರಕ್ತ 8 ಐತಿ”

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಊರೂರಿಗೆ ಬರುತ್ತವೆ. 18 ವರ್ಷದವರೆಗಿನ ಮಕ್ಕಳ ಕಣ್ಣು, ಕಿವಿ, ಹಲ್ಲು, ಹೃದಯ, ಚರ್ಮ, ಬೆಳವಣಿಗೆ ನೋಡುತ್ತಾರೆ. ಇದರಿಂದ ಎಷ್ಟೋ ಮಕ್ಕಳ ಹೃದಯದ ತೊಂದರೆ ಗೊತ್ತಾಗಿ ಚಿಕಿತ್ಸೆ ಸಿಕ್ಕಿದೆ. ಈ ತಪಾಸಣೆ ಬೇಕೇ ಬೇಕು. ತಕರಾರು ಇರುವುದು ಅದು ನಡೆಯುವ ರೀತಿಯ ಬಗ್ಗೆ.

ಬಾದಾಮಿ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾವು ನೋಡಿದ್ದು ಇದು. ವರಾಂಡದಲ್ಲಿ ಟೇಬಲ್, ಅದರ ಮುಂದೆ ಮಕ್ಕಳ ಸಾಲು. ಒಬ್ಬರು ನೋಡುತ್ತಾರೆ, ಒಬ್ಬರು ಬರೆಯುತ್ತಾರೆ. ಬರೆಯುವವರಿಗೆ ಕೇಳಲಿ ಅಂತ ನೋಡುವವರು ಜೋರಾಗಿ ಹೇಳುತ್ತಾರೆ: “ರಕ್ತ 8. ತಲ್ಯಾಗ ಹೇನು. ಬೆನ್ನ ಮ್ಯಾಲ ಬಿಳಿ ಮಚ್ಚಿ.” ಹಿಂದೆ ನಿಂತ ಇಪ್ಪತ್ತು ಮಕ್ಕಳಿಗೂ ಕೇಳುತ್ತದೆ. ಬಿಳಿ ಮಚ್ಚೆ ಅಂದರೆ ಕುಷ್ಠವೇ ಆಗಬೇಕಿಲ್ಲ, ಆದರೂ ಸಂಜೆಯೊಳಗೆ ಆ ಹುಡುಗಿಯ ಪಕ್ಕ ಕೂರುವವರಿಲ್ಲ.

ಕೆಲವೊಮ್ಮೆ ಆ ಪಟ್ಟಿಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೂ ಬರುತ್ತದೆ. ಹೆಸರು, ತಂದೆಯ ಹೆಸರು, ತರಗತಿ, ರೋಗ, ಎಲ್ಲವೂ ಅದರಲ್ಲಿ ಇರುತ್ತವೆ. ‘ಶಿಬಿರ ಯಶಸ್ವಿ’ ಅಂತ ಮೇಲೆ ಬರೆದಿರುತ್ತಾರೆ. ಇಂಥ ಫೋಟೊ ನಮಗೆ ಬಂದರೆ ಮುಂದೆ ಕಳಿಸುವುದಿಲ್ಲ, ಕಳಿಸಿದವರಿಗೆ ಫೋನ್ ಮಾಡಿ ಅಳಿಸಿರಿ ಅನ್ನುತ್ತೇವೆ. ನೀವೂ ಹಾಗೆ ಮಾಡಬಹುದು.

ಹುಡುಗಿಯರದು ಇನ್ನೂ ಕಷ್ಟ. ಮುಟ್ಟಾದ ದಿನ ಅವಳು ಪುರುಷ ಶಿಕ್ಷಕರ ಮುಂದೆ, ನಲವತ್ತು ಮಂದಿ ಎದುರು ಬೆರಳು ಎತ್ತಿ ‘ಯಾಕ?’ಗೆ ಉತ್ತರ ಹೇಳಬೇಕು. ರಾಜ್ಯ ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಬಂದಾಗಲೂ ಅಷ್ಟೇ, ಹೆಸರು ಕೂಗಿ ಹಂಚಿದರೆ ತಗೊಳ್ಳಲು ನಾಚಿಕೆ. ಇಳಕಲ್ ಕಡೆಯ ಒಬ್ಬ ತಾಯಿ ಮಗ್ಗದ ಮುಂದೆ ಕುಂತು ನಮಗೆ ಅಂದಳು: “ತಿಂಗಳಾ ಮೂರು ದಿನ ಮನ್ಯಾಗ ಇರ್ತಾಳ್ರಿ. ಸಾಲ್ಯಾಗ ಯಾಕ ಬರಲಿಲ್ಲ ಅಂತ ಕೇಳ್ತಾರಂತ. ಜ್ವರ ಅಂತ ಸುಳ್ಳು ಹೇಳ್ತಾಳ.” ತಿಂಗಳಿಗೆ ಮೂರು ದಿನ ಅಂದರೆ ಹತ್ತು ತಿಂಗಳಿಗೆ ಮೂವತ್ತು ದಿನ. 6ರಿಂದ 8ನೇ ತರಗತಿಗೆ ಕಾಯ್ದೆ ಹೇಳುವ ಕೆಲಸದ ದಿನ ಕನಿಷ್ಠ 220. ಅದರಲ್ಲಿ ರಜೆ ಬಿದ್ದ ದಿನ ಕಳೆದರೂ ಓದು ಎಷ್ಟು ಹೋಯಿತು ಲೆಕ್ಕ ಹಾಕಿರಿ.

ನಮ್ಮ ಜಿಲ್ಲೆ ಮರೆಯಬಾರದ ಇನ್ನೊಂದು ವಿಷಯ ಎಚ್‌ಐವಿ. ಇಪ್ಪತ್ತು ವರ್ಷದ ಹಿಂದೆ ರಾಜ್ಯದಲ್ಲಿ ಅದರ ಹೊಡೆತ ಹೆಚ್ಚು ತಿಂದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಆಗಿನ ಒಂದು ಸಮೀಕ್ಷೆಯಲ್ಲಿ ವಯಸ್ಕರಲ್ಲಿ 100ಕ್ಕೆ ಸುಮಾರು 3 ಮಂದಿಗೆ ಸೋಂಕು ಕಂಡಿತ್ತು. ಆ ಮನೆಗಳ ಮಕ್ಕಳು ನಮ್ಮ ಶಾಲೆಗಳಲ್ಲೇ ಕಲಿತರು, ಕೆಲವರು ಗುಳಿಗೆ ನುಂಗುತ್ತಲೇ ಕಲಿತರು. ಒಂದೇ ಶೌಚಾಲಯ ಬಳಸಿದರೆ, ಒಟ್ಟಿಗೆ ಊಟ ಮಾಡಿದರೆ ಎಚ್‌ಐವಿ ಅಂಟುವುದಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿನ ಕಾರಣಕ್ಕೆ ಶಾಲೆಯಲ್ಲಿ ಭೇದ ಮಾಡುವುದನ್ನು ನಿಷೇಧಿಸಿದೆ. ಒಬ್ಬರ ಸೋಂಕಿನ ಸ್ಥಿತಿಯನ್ನು ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವುದಕ್ಕೂ ತಡೆ ಹಾಕಿದೆ. ಒಂದು ರೋಗಕ್ಕೆ ಕಾನೂನು ಒಪ್ಪಿದ ಮರ್ಯಾದೆಯನ್ನು ಉಳಿದ ರೋಗಗಳಿಗೂ ಕೊಡಲು ಶಾಲೆಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಗುಟ್ಟು ಅಂದರೆ ಮುಚ್ಚಿಡುವುದಲ್ಲ

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ರೋಗವನ್ನು ಶಾಲೆಯಿಂದ ಪೂರ್ತಿ ಮುಚ್ಚಿಡಿ ಅಂತ ನಾವು ಹೇಳುತ್ತಿಲ್ಲ. ಅಕ್ಕನ ಮಗನಂಥ ಮಕ್ಕಳಿಗೆ ಸಕ್ಕರೆ ಏಕಾಏಕಿ ಇಳಿದರೆ ಬೆವರು, ನಡುಕ, ಮಂಕು ಬರುತ್ತದೆ. ಆಗ ಕೂಡಲೇ ಸಕ್ಕರೆಯನ್ನೋ ಗ್ಲೂಕೋಸನ್ನೋ ಕೊಡಬೇಕು. ‘ಸಿಹಿ ಕೊಡಬ್ಯಾಡ್ರಿ’ ಅಂತ ಪ್ರಾರ್ಥನೆಯಲ್ಲಿ ಹೇಳಿದ್ದು ಗುಟ್ಟನ್ನು ಒಡೆದಿದ್ದಷ್ಟೇ ಅಲ್ಲ, ಅಪಾಯದ ಸಲಹೆಯೂ ಆಗಿತ್ತು. ಮೂರ್ಛೆ ರೋಗ ಇದ್ದ ಮಗುವಿನ ವಿಷಯವೂ ಗುರುಗಳಿಗೆ ಗೊತ್ತಿರಲೇಬೇಕು. ತಿಳಿಯಬೇಕಾದವರಿಗೆ ಸರಿಯಾಗಿ ತಿಳಿಯಲಿ. ಉಳಿದವರಿಗೆ ಬೇಡ.

ಅಮೆರಿಕದಲ್ಲಿ 1973ರ ಒಂದು ಕಾಯ್ದೆಯ 504ನೇ ಕಲಂ ಇದೆ. ಅದರಡಿ ಇಂಥ ಮಕ್ಕಳಿಗೆ ಶಾಲೆಯೊಂದಿಗೆ ಲಿಖಿತ ಯೋಜನೆ ಮಾಡಿಕೊಳ್ಳಬಹುದು, ಕೇಳಿದಾಗ ಶೌಚಾಲಯಕ್ಕೆ ಬಿಡಬೇಕು ಅನ್ನುವುದನ್ನೂ ಅದರಲ್ಲಿ ಸೇರಿಸಬಹುದು. ನಮ್ಮಲ್ಲೂ ಸಿಬಿಎಸ್‌ಇ 2017ರಲ್ಲಿ ಟೈಪ್ 1 ಮಕ್ಕಳಿಗೆ ಪರೀಕ್ಷಾ ಕೋಣೆಗೆ ತಿನಿಸು ಒಯ್ಯಲು ಅನುಮತಿ ಕೊಟ್ಟಿತು.

ಅಷ್ಟು ದೂರ ಹೋಗುವುದೂ ಬೇಡ. ಅಕ್ಕನ ಮಗ ಈಗ ಏಳನೇ ತರಗತಿ, ಬೇರೆ ಶಾಲೆ. ಅಲ್ಲಿನ ಅಕ್ಕೋರು ಮೊದಲ ದಿನವೇ ಅಂದರು: “ನನಗ ಮತ್ತ ಹೆಡ್ ಸರ್‌ಗ ಗೊತ್ತಿದ್ರ ಸಾಕ್ರಿ. ಮತ್ಯಾರಿಗೂ ಹೇಳಬೇಕಿಲ್ಲ.” ಅವರ ಡ್ರಾವಿನಲ್ಲಿ ಒಂದು ಗ್ಲೂಕೋಸ್ ಪೊಟ್ಟಣ, ಅಕ್ಕನ ಫೋನ್ ನಂಬರ್ ಬರೆದ ಚೀಟಿ ಇವೆ. ತರಗತಿಯ ಬಾಗಿಲ ಹತ್ತಿರ ಮೊಳೆಗೆ ಎರಡು ಕಟ್ಟಿಗೆ ಬಿಲ್ಲೆ ತೂಗುಹಾಕಿದ್ದಾರೆ, ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು. ಹೋಗಬೇಕಾದವರು ಬಿಲ್ಲೆ ತಗೊಂಡು ಹೋಗಬೇಕು, ಬಂದು ಮತ್ತೆ ತೂಗುಹಾಕಬೇಕು. ಕೇಳುವಂತಿಲ್ಲ, ಹೇಳುವಂತಿಲ್ಲ. ಬಿಲ್ಲೆ ಇಲ್ಲದಿದ್ದರೆ ಒಬ್ಬರು ಹೊರಗಿದ್ದಾರೆ ಅಂತ ಅರ್ಥ. ತೀರಾ ಅವಸರ ಇದ್ದವರು ಕಾಯಬೇಕಿಲ್ಲ. ಮೊದಲ ವಾರ ಎಲ್ಲರೂ ಆಟಕ್ಕೆ ಹೋಗಿ ಬಂದರಂತೆ, ಎರಡನೇ ವಾರ ಬೇಸರ ಬಂದು ಬಿಟ್ಟರಂತೆ. ಖರ್ಚು ಎರಡು ತುಂಡು ಕಟ್ಟಿಗೆ.

ರೊಕ್ಕ ಎಲ್ಲಿದೆ?

ಸ್ವಚ್ಛ ಇರದ ಪಾಯಖಾನೆಗೆ ಬಿಟ್ಟರೂ ಮಗು ಹೋಗುವುದಿಲ್ಲ. ಅದಕ್ಕೆ ಹಣದ ಲೆಕ್ಕವೂ ಗೊತ್ತಿರಲಿ. ಸಮಗ್ರ ಶಿಕ್ಷಣದ ಶಾಲಾ ಅನುದಾನದ ಮಾರ್ಗಸೂಚಿಯಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅಂತ ಇದೆ. 31ರಿಂದ 100 ಮಕ್ಕಳಿದ್ದರೆ 25,000. ಇದರಲ್ಲಿ ಕನಿಷ್ಠ 10 ಶೇಕಡಾ ಸ್ವಚ್ಛತೆಗೆ ಹೋಗಬೇಕು. 50,000ದಲ್ಲಿ ಅದು 5,000. ಶಾಲೆ ನಡೆಯುವ 220 ದಿನಕ್ಕೆ ಹಂಚಿದರೆ ದಿನಕ್ಕೆ 23 ರೂಪಾಯಿಯೂ ಪೂರ್ತಿ ಬರುವುದಿಲ್ಲ. ಇಷ್ಟರಲ್ಲಿ ಫಿನಾಯಿಲ್ ತರಬೇಕು, ತೊಳೆಯುವವರಿಗೂ ಕೊಡಬೇಕು. ‘ಕನಿಷ್ಠ’ ಅನ್ನುವ ಪದಕ್ಕೆ ಇಲ್ಲಿ ಬೆಲೆ ಇದೆ. ಹೆಚ್ಚಿಗೆ ಇಡಲು ಎಸ್‌ಡಿಎಂಸಿ ಒತ್ತಾಯಿಸಬಹುದು. ಕಾವಲು, ನೀರಿನ ಪೈಪು, ರಾತ್ರಿ ದೀಪಕ್ಕೆ ಗ್ರಾಮ ಪಂಚಾಯಿತಿಯನ್ನು ಕೇಳಬಹುದು.

ಏನೇ ಆದರೂ ಮಕ್ಕಳ ಕೈಯಲ್ಲಿ ತೊಳೆಸುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಗೊತ್ತಾಗಿ ಇಡೀ ರಾಜ್ಯ ತಲೆ ತಗ್ಗಿಸಿತು. ಆಮೇಲೆ ಶಿಕ್ಷಣ ಇಲಾಖೆ ಮಕ್ಕಳಿಂದ ಶೌಚಾಲಯ ಸ್ವಚ್ಛ ಮಾಡಿಸಬಾರದು ಅಂತ ಸುತ್ತೋಲೆ ಹೊರಡಿಸಿತು.

ನೀವು ಕೇಳಬಹುದಾದ ಐದು ಮಾತು

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇಷ್ಟನ್ನು ಕೇಳಿರಿ:

1. ಶಾಲೆಯ ಹೊತ್ತಿನಲ್ಲಿ ಶೌಚಾಲಯಕ್ಕೆ ಬೀಗ ಇರಬಾರದು. ಬೀಗದ ಕೈ ಇಬ್ಬರ ಹತ್ತಿರ ಇರಲಿ.
2. ಹೋಗುವ ಮಗುವಿಗೆ ಕಾರಣ ಕೇಳಬಾರದು. ಬಿಲ್ಲೆಯ ಪದ್ಧತಿ ಮಾಡಿರಿ.
3. ಒಂದು ಮಗು ಪದೇ ಪದೇ ಹೋಗುತ್ತಿದ್ದರೆ ಬೈಯದೆ ಮನೆಯವರನ್ನು ಕರೆದು ಮೆಲ್ಲಗೆ ಹೇಳಿರಿ, ಆಸ್ಪತ್ರೆಗೆ ಕಳಿಸಿರಿ.
4. ಆರೋಗ್ಯ ತಪಾಸಣೆ ಕೋಣೆಯೊಳಗೆ, ಒಬ್ಬೊಬ್ಬರಾಗಿ ಆಗಲಿ. ಫಲಿತಾಂಶ ಪಾಲಕರ ಕೈಗೆ ಹೋಗಲಿ, ಗುಂಪಿಗೆ ಬೇಡ.
5. ಪ್ಯಾಡು ಒಬ್ಬ ಅಕ್ಕೋರ ಬಳಿ ಇರಲಿ, ಹೆಸರು ಕೂಗದೆ ಸಿಗಲಿ.

ಕೇಳಿದರೂ ಆಗದಿದ್ದರೆ ಬರೆದು ಕೊಡಿರಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರ ಲಿಖಿತ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಮಕ್ಕಳೇ ಫೋನ್ ಮಾಡುವುದಾದರೆ 1098.

ಇದೆಲ್ಲಕ್ಕಿಂತ ಹತ್ತಿರದ ಜಾಗ ಮಕ್ಕಳ ಗ್ರಾಮ ಸಭೆ. ನವೆಂಬರ್ 14ರ ಮಕ್ಕಳ ದಿನದ ಆಸುಪಾಸಿನಲ್ಲಿ ಪಂಚಾಯಿತಿಗಳು ಅದನ್ನು ನಡೆಸಬೇಕು. ಅದಾದ ಐದು ದಿನಕ್ಕೆ, ನವೆಂಬರ್ 19ಕ್ಕೆ ವಿಶ್ವ ಶೌಚಾಲಯ ದಿನ. ಆ ಸಭೆಯಲ್ಲಿ ಹೂವಿನ ಹಾರ, ಭಾಷಣ ಮುಗಿದ ಮೇಲೆ ಮಕ್ಕಳಿಗೆ ಮಾತಾಡಲು ಬಿಡಿರಿ. ಎದ್ದು ನಿಂತು ಹೇಳಲು ನಾಚಿಕೆ ಆದರೆ ಹೆಸರು ಬರೆಯದ ಚೀಟಿ ಹಾಕಲು ಒಂದು ಡಬ್ಬಿ ಇಡಿರಿ. ಚೀಟಿಯಲ್ಲಿ ಬಂದದ್ದನ್ನು ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆಯಲಿ. ಬರೆದರು ಅಂತ ನೋಡಿಕೊಂಡೇ ಮನೆಗೆ ಬರ್ರಿ.